ಒಂದು ರೂಪಾಯಿ ಟಿಕೆಟ್ ಮತ್ತು 30 ವರ್ಷದ ಹಳೇ ತಪ್ಪು

ಇವತ್ತಿನ ಎಪಿಸೋಡು ಒಂದು ಸಣ್ಣ ಅವಮಾನದಿಂದ ಶುರುವಾಗುತ್ತೆ. ಅವಮಾನ ಬೇರೆ ಯಾರದ್ದೂ ಅಲ್ಲ, ನನ್ನದೇ.

2024ರಲ್ಲಿ ಮೈಸೂರಿನ ಒಂದು ಹವ್ಯಾಸಿ ನಾಟಕ ತಂಡಕ್ಕೆ ಟಿಕೆಟ್ ಮಾರುವ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ದುಡ್ಡಿಗಲ್ಲ, ಪ್ರೀತಿಗೆ. ತಂಡ ನಡೆಸುವವರು ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು. ಮೊದಲ ಪ್ರದರ್ಶನ ಮುಗಿದಿತ್ತು. ಗ್ರೀನ್ ರೂಮಿನಲ್ಲಿ ಹುಡುಗರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ತಿದ್ರು. ಮೇಷ್ಟ್ರು ಮೂಲೆಯಲ್ಲಿ ಟ್ರಂಕಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೀತಿದ್ರು. ತಲೆ ಎತ್ತದೆಯೇ ಕೇಳಿದ್ರು: "ಟಿಕೆಟ್ 200 ರೂಪಾಯಿ ತಾನೇನಪ್ಪಾ?"

"ಹೌದು ಮೇಷ್ಟ್ರೇ."

"ಹಂಗಾದ್ರೆ ಈ 14 ಟಿಕೆಟ್ಟಿಗೆ 14 ರೂಪಾಯಿ ಬಂದಿದೆಯಲ್ಲ, ಇದು ಯಾವ ಗಣಿತ? ನಾನು ಹೇಳಿಕೊಟ್ಟಿದ್ದಂತೂ ಅಲ್ಲ."

2,786 ರೂಪಾಯಿ ಖೋತಾ. ನಿಮಗೆ ಸಣ್ಣದು ಅನ್ನಿಸಬಹುದು. ಹಾಲ್ ಬಾಡಿಗೆ, ಲೈಟು, ಮೈಕು, ಊಟ ಎಲ್ಲ ಕಳೆದರೆ ಆ ರಾತ್ರಿ ತಂಡಕ್ಕೆ ಉಳಿಯಬೇಕಿದ್ದ ದುಡ್ಡೇ ಹೆಚ್ಚು ಕಡಿಮೆ ಅಷ್ಟು. ಯಾರೋ ಒಬ್ಬ ಬುದ್ಧಿವಂತ ಟಿಕೆಟ್ಟಿನ ಬೆಲೆಯನ್ನು ಒಂದು ರೂಪಾಯಿ ಅಂತ ತಾನೇ ಬದಲಾಯಿಸಿಕೊಂಡಿದ್ದ. ಪೇಮೆಂಟ್ ಗೇಟ್‌ವೇ ಒಂದೊಂದು ರೂಪಾಯಿ ತಗೊಂಡು ರಸೀದಿ ಕೊಟ್ಟಿತ್ತು. ಕ್ಯೂಆರ್ ಕೋಡ್ ಸರಿಯಾಗೇ ಇತ್ತು. ಬಾಗಿಲಲ್ಲಿ ನಿಂತಿದ್ದ ಹುಡುಗಿ ಸ್ಕ್ಯಾನ್ ಮಾಡಿ, ನಗುತ್ತಾ ಒಳಗೆ ಬಿಟ್ಟಿದ್ದಳು. ಎಲ್ಲರೂ ಅವರವರ ಕೆಲಸ ಸರಿಯಾಗಿ ಮಾಡಿದ್ದರು, ನನ್ನೊಬ್ಬನನ್ನು ಬಿಟ್ಟು.

ಮನೆಗೆ ಬಂದು ಕೋಡ್ ತೆರೆದು ನೋಡಿದೆ. ಸರ್ವರ್‌ನಲ್ಲಿ ಟಿಕೆಟ್ ಬುಕ್ ಮಾಡುವ ಒಂದು ಫಂಕ್ಷನ್. ಅದು ಬ್ರೌಸರ್‌ನಿಂದ ಮೂರು ವಿಷಯ ಕೇಳಿ ತಗೊಳ್ತಿತ್ತು: ಯಾವ ಪ್ರದರ್ಶನ, ಎಷ್ಟು ಟಿಕೆಟ್, ಬೆಲೆ ಎಷ್ಟು. ಮೂರನೆಯದನ್ನು ಯಾಕೆ ಕೇಳಿದೆ ಅಂತ ಇವತ್ತಿಗೂ ನನ್ನ ಹತ್ರ ಉತ್ತರ ಇಲ್ಲ. ಪುಟದ ಮೇಲೆ ಬೆಲೆ ಹೇಗೂ ಇತ್ತಲ್ಲ, ಅದನ್ನೇ ಕಳಿಸಿಬಿಟ್ಟೆ.

ದರ್ಶಿನಿಗೆ ಹೋಗಿ ನೋಡಿ. ಕ್ಯಾಶ್ ಕೌಂಟರ್‌ನಲ್ಲಿ ನೀವು "ಒಂದು ಮಸಾಲೆ" ಅಂತೀರಿ, ರೇಟು ಅವರು ಹಾಕ್ತಾರೆ. ಟೋಕನ್ ತಗೊಂಡು ದೋಸೆ ಕೌಂಟರಿಗೆ ಹೋಗ್ತೀರಿ. ನಾನು ಕಟ್ಟಿದ ದರ್ಶಿನಿಯಲ್ಲಿ ಗಿರಾಕಿ ಕೈಗೇ ಪೆನ್ಸಿಲ್ ಕೊಟ್ಟು, "ರೇಟು ನೀವೇ ಬರ್ಕೊಳ್ಳಿ ಸಾರ್" ಅಂದಿದ್ದೆ.

ನನ್ನಂಥ ದಡ್ಡರು ಬೇರೆ ಯಾರಾದರೂ ಇದ್ದಾರಾ ಅಂತ ಸಮಾಧಾನಕ್ಕೆ ಹುಡುಕೋಕೆ ಕೂತೆ. ಇದ್ದಾರೆ. ಎಷ್ಟು ಜನ ಅಂದ್ರೆ, ವೆಬ್‌ನ ಇತಿಹಾಸದ ಒಂದು ದೊಡ್ಡ ಪಾಲು ಇದೇ ತಪ್ಪಿನ ಇತಿಹಾಸ. ಅದನ್ನೇ ಇವತ್ತು ಹೇಳ್ತೀನಿ.

ಶುರುವಿನಲ್ಲಿ ವೆಬ್ ಬರೀ ಓದುವ ಜಾಗ. ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್ ಲೀ ಅದನ್ನು ಕಟ್ಟಿದಾಗ, ಪುಟ ಕೇಳೋದು, ಪುಟ ಸಿಗೋದು, ಇಷ್ಟೇ ವ್ಯವಹಾರ. ಓದುಗನಿಂದ ಸರ್ವರಿಗೆ ಹೋಗುವ ಮಾತು ಬಹಳ ಕಡಿಮೆ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಇದು ಬದಲಾಯಿತು. ಅಲ್ಲಿನ ಮೊಸಾಯಿಕ್ ಬ್ರೌಸರ್‌ಗೆ ಫಾರ್ಮ್ ತುಂಬಿಸೋ ಸೌಕರ್ಯ ಬಂತು. ಅದೇ ಕೇಂದ್ರದ ಸರ್ವರ್‌ಗೆ ಸಿಜಿಐ ಅನ್ನೋ ಏರ್ಪಾಡು ಬಂತು. ಆ ಸರ್ವರ್ ಬರೆದ ರಾಬ್ ಮೆಕೂಲ್ ಆಗಿನ್ನೂ ವಿದ್ಯಾರ್ಥಿ.

ಸಿಜಿಐ ಅಂದ್ರೆ ತುಂಬಾ ಸರಳ. ನೀವು ಫಾರ್ಮ್ ತುಂಬಿ ಬಟನ್ ಒತ್ತಿದರೆ, ಸರ್ವರ್ ಆ ಮಾಹಿತಿಯನ್ನು ಎತ್ತಿ, ಪಕ್ಕದಲ್ಲಿರುವ ಇನ್ನೊಂದು ಪ್ರೋಗ್ರಾಮಿನ ಕೈಗೆ ಕೊಡುತ್ತೆ. ಆ ಪ್ರೋಗ್ರಾಮ್ ಏನು ಮುದ್ರಿಸುತ್ತೋ ಅದೇ ನಿಮಗೆ ಪುಟವಾಗಿ ಬರುತ್ತೆ. ಇವತ್ತು ನಾವು ಫೋನಿನಲ್ಲಿ ರೈಲು ಬುಕ್ ಮಾಡೋದು, ದುಡ್ಡು ಕಳಿಸೋದು, ಬೆಳೆ ವಿಮೆ ಅರ್ಜಿ ಹಾಕೋದು, ಎಲ್ಲದರ ಅಜ್ಜ ಇವನೇ. ಮೊದಲ ಸಲ, ಗುರುತು ಪರಿಚಯ ಇಲ್ಲದ ಜನ ಜಗತ್ತಿನ ಯಾವುದೋ ಮೂಲೆಯಿಂದ ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಪ್ರೋಗ್ರಾಮನ್ನು ತಮ್ಮ ಮಾತಿನಿಂದ ನಡೆಸುವ ಹಾಗಾಯಿತು.

ಆ ಸರ್ವರ್ ಜೊತೆ ಒಂದು ಮಾದರಿ ಪ್ರೋಗ್ರಾಮ್ ಪುಕ್ಕಟೆ ಬರ್ತಿತ್ತು. ಹೆಸರು ಪಿಎಚ್‌ಎಫ್. ಟೆಲಿಫೋನ್ ಡೈರೆಕ್ಟರಿ ಹುಡುಕೋ ಫಾರ್ಮ್ ಅದು. ನೀವು ಹೆಸರು ಟೈಪ್ ಮಾಡಿದ್ರೆ, ಆ ಹೆಸರನ್ನು ಸೇರಿಸಿ ಒಂದು ಕಮಾಂಡ್ ಕಟ್ಟಿ ಯಂತ್ರಕ್ಕೆ ಕೊಡ್ತಿತ್ತು. ಬರೆದವರು ಅಷ್ಟೇನೂ ಅಮಾಯಕರಲ್ಲ. ಹೆಸರಿನ ಜಾಗದಲ್ಲಿ ಯಾರಾದರೂ ಸೆಮಿಕೋಲನ್ ಹಾಕಿ ಇನ್ನೊಂದು ಕಮಾಂಡ್ ತುರುಕಬಹುದು ಅಂತ ಗೊತ್ತಿತ್ತು. ಅಂಥ ಅಪಾಯದ ಚಿಹ್ನೆಗಳ ಪಟ್ಟಿ ಮಾಡಿ, ಅವನ್ನೆಲ್ಲ ನಿಷ್ಕ್ರಿಯ ಮಾಡೋ ಒಂದು ಫಂಕ್ಷನ್ ಇಟ್ಟಿದ್ರು. ಪಟ್ಟಿಯಲ್ಲಿ ಒಂದೇ ಒಂದು ಬಿಟ್ಟುಹೋಗಿತ್ತು: ಹೊಸ ಸಾಲು. ಎಂಟರ್ ಒತ್ತಿದ್ರೆ ಬರುತ್ತಲ್ಲ, ಅದು. ಹೆಸರಿನ ಬದಲು ಒಂದು ಹೊಸ ಸಾಲು, ಅದರ ಮುಂದೆ ನಿಮಗೆ ಬೇಕಾದ ಕಮಾಂಡ್ ಕೊಟ್ಟರೆ, ಸರ್ವರ್ ತನ್ನ ಬಳಕೆದಾರರ ಪಾಸ್‌ವರ್ಡ್ ಫೈಲನ್ನೇ ಓದಿ ಹೇಳ್ತಿತ್ತು. 1996ರ ಮಾರ್ಚಿನಲ್ಲಿ ಅಮೆರಿಕದ ಸರ್ಟ್ ಸಂಸ್ಥೆ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಆ ಹೊತ್ತಿಗೆ ಈ ಮಾದರಿ ಪ್ರೋಗ್ರಾಮನ್ನು ಅಳಿಸದೆ ಹಾಗೇ ಬಿಟ್ಟುಕೊಂಡಿದ್ದ ಸರ್ವರ್‌ಗಳು ಬೇಕಾದಷ್ಟಿದ್ದವು.

ಈ ಕಥೆಯಲ್ಲಿ ನನಗೆ ಇಷ್ಟವಾದದ್ದು ಆ ಪಟ್ಟಿ. "ಇಂಥವರನ್ನು ಒಳಗೆ ಬಿಡಬೇಡಿ" ಅಂತ ಪಟ್ಟಿ ಮಾಡಿದ್ರೆ, ಪಟ್ಟಿಯಲ್ಲಿ ಇಲ್ಲದವನು ಬಂದೇ ಬರ್ತಾನೆ. "ಇಂಥವರನ್ನು ಮಾತ್ರ ಬಿಡಿ" ಅಂತ ಮಾಡಬೇಕು. ಮದುವೆ ಮನೆಗೆ ಮೊದಲನೆಯದೇ ಸರಿ, ಸರ್ವರ್‌ಗೆ ಎರಡನೆಯದು.

ಇದೇ ಕಾಲದಲ್ಲಿ ಪರ್ಲ್ ಭಾಷೆಯವರು ಒಂದು ಅಚ್ಚುಕಟ್ಟಾದ ಉಪಾಯ ಇಟ್ಟುಕೊಂಡಿದ್ರು. ಹೊರಗಿನಿಂದ ಬಂದ ಯಾವುದೇ ಮಾಹಿತಿಗೆ ಭಾಷೆಯೇ ಒಂದು ಗುರುತು ಹಾಕುತ್ತೆ. ನೀವು ಅದನ್ನು ಪರೀಕ್ಷಿಸಿ, ಬೇಕಾದ ಭಾಗ ಮಾತ್ರ ಹೆಕ್ಕಿ ತೆಗೆಯೋ ತನಕ ಅಪಾಯದ ಕೆಲಸಕ್ಕೆ ಬಳಸೋಕೆ ಬಿಡಲ್ಲ, ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತೆ. ಇದಕ್ಕೆ ಟೇಂಟ್ ಮೋಡ್ ಅಂತ ಹೆಸರು. ಕನ್ನಡದಲ್ಲಿ ತಟ್ಟಂತ ಬಾಯಿಗೆ ಬರೋ ಪದ ಮೈಲಿಗೆ. ಆದರೆ ಆ ಪದ ಮನುಷ್ಯರಿಗೆ ಏನು ಮಾಡಿದೆ ಅಂತ ಗೊತ್ತಿರೋದ್ರಿಂದ ನಾನು ಅದನ್ನು ಬಳಸಲ್ಲ. ತೊಳೆಯದ ಸೊಪ್ಪು ಅಂತೀನಿ. ಮಾರ್ಕೆಟಿನಿಂದ ತಂದ ಸೊಪ್ಪನ್ನು ತೊಳೆಯದೆ ಸಾರಿಗೆ ಹಾಕಲ್ಲ. ಮಾರಿದವರು ಕೆಟ್ಟವರು ಅಂತಲ್ಲ, ಹೊರಗಿಂದ ಬಂದಿದೆ ಅಷ್ಟೇ.

ಇಲ್ಲಿಗೆ ಪಾಠ ಕಲಿತಾಗಿತ್ತು, ಕಥೆ ಮುಗೀಬೇಕಿತ್ತು. ಮುಗಿಯಲಿಲ್ಲ. ಯಾಕಂದ್ರೆ 1995 ಬಂತು.

ಆ ವರ್ಷದ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 10 ದಿನದಲ್ಲಿ ಒಂದು ಭಾಷೆಯ ಮೊದಲ ರೂಪ ಬರೆದರು. ಮುಂದೆ ಅದೇ ಜಾವಾಸ್ಕ್ರಿಪ್ಟ್ ಆಯಿತು. ಆಗಿನ ಇಂಟರ್ನೆಟ್ ಅಂದ್ರೆ ಫೋನ್ ಲೈನ್ ಮೇಲೆ ಕುಯ್ಯೋ ಅನ್ನೋ ಮೋಡೆಮ್. ಫಾರ್ಮ್ ಕಳಿಸಿ, ಅರ್ಧ ನಿಮಿಷ ಕಾದು, ಕೊನೆಗೆ "ಪಿನ್‌ಕೋಡ್ ಹಾಕಿಲ್ಲ" ಅಂತ ಉತ್ತರ ಬಂದ್ರೆ ಹೊಟ್ಟೆ ಉರಿಯಲ್ವಾ? ಜಾವಾಸ್ಕ್ರಿಪ್ಟ್ ಆ ತಪ್ಪನ್ನು ಬ್ರೌಸರ್‌ನಲ್ಲೇ, ಕಳಿಸೋಕೆ ಮುಂಚೆಯೇ ಹಿಡಿದು ಹೇಳ್ತಿತ್ತು. ಒಳ್ಳೆ ಉಪಕಾರ. ಆದರೆ ಅಲ್ಲೇ ಒಂದು ಭ್ರಮೆಯೂ ಹುಟ್ಟಿತು: ತಪಾಸಣೆ ಆಗಿದೆಯಲ್ಲ, ಸರ್ವರ್‌ನಲ್ಲಿ ಮತ್ತೆ ಯಾಕೆ?

ಯಾಕಂದ್ರೆ ಬ್ರೌಸರ್ ನಿಮ್ಮದಲ್ಲ. ಅದು ಗಿರಾಕಿಯ ಕೈಯಲ್ಲಿದೆ, ಗಿರಾಕಿಯ ಮನೆಯಲ್ಲಿದೆ. ಅಲ್ಲಿ ನೀವು ನಿಲ್ಲಿಸಿದ ಕಾವಲುಗಾರನನ್ನು ಅವನು ಟೀ ಕುಡಿದು ಬಾ ಅಂತ ಕಳಿಸಬಹುದು. ಬ್ರೌಸರೇ ಇಲ್ಲದೆ ನೇರ ಸರ್ವರಿಗೆ ಸಂದೇಶ ಕಳಿಸಬಹುದು. ಬ್ರೌಸರ್‌ನಲ್ಲಿ ಮಾಡೋ ತಪಾಸಣೆ ಪ್ರಾಮಾಣಿಕರಿಗೆ ಮಾಡೋ ಮರ್ಯಾದೆ. ರಕ್ಷಣೆ ಅಲ್ಲ.

ನಂತರದ ಐದಾರು ವರ್ಷ ಇದರ ಬೆಲೆ ತೆತ್ತ ಕಾಲ. ಅಮೆಜಾನ್ ಶುರುವಾದ ದಿನಗಳಲ್ಲಿ ಗಿರಾಕಿಗಳು ಪುಸ್ತಕದ ಸಂಖ್ಯೆಯನ್ನು ಮೈನಸ್‌ನಲ್ಲಿ ಕೊಡಬಹುದಿತ್ತಂತೆ. ಮೈನಸ್ ಮೂರು ಪುಸ್ತಕ ಆರ್ಡರ್ ಮಾಡಿದ್ರೆ, ಮೂರು ಪುಸ್ತಕದ ದುಡ್ಡು ಅಮೆಜಾನಿನಿಂದ ನಿಮ್ಮ ಕಾರ್ಡಿಗೆ ಬರುತ್ತೆ! ಜೆಫ್ ಬೆಜೋಸ್ ತಾವೇ ಒಂದು ಭಾಷಣದಲ್ಲಿ ಇದನ್ನು ನಗುತ್ತಾ ಹೇಳಿಕೊಂಡಿದ್ದಾರೆ. ಸಂಖ್ಯೆ ಹೌದಾ ಅಂತ ನೋಡಿದ್ರೆ ಸಾಲದು, ಎಂಥ ಸಂಖ್ಯೆ ಅಂತಲೂ ನೋಡಬೇಕು.

1998ರ ಡಿಸೆಂಬರ್‌ನಲ್ಲಿ ಫ್ರಾಕ್ ಅನ್ನೋ ಹ್ಯಾಕರ್ ಪತ್ರಿಕೆಯ 54ನೇ ಸಂಚಿಕೆಯಲ್ಲಿ ಜೆಫ್ ಫಾರಿಸ್ಟಲ್ ಎಂಬಾತ ರೇನ್ ಫಾರೆಸ್ಟ್ ಪಪ್ಪಿ ಅನ್ನೋ ಹೆಸರಿನಲ್ಲಿ ಒಂದು ಲೇಖನ ಬರೆದ. ಫಾರ್ಮಿನಲ್ಲಿ ಹೆಸರಿನ ಬದಲು ಡೇಟಾಬೇಸಿನ ಭಾಷೆಯಲ್ಲೇ ಒಂದು ತುಣುಕು ಬರೆದರೆ, ಸರ್ವರ್ ಅದನ್ನೂ ಆಜ್ಞೆ ಅಂದುಕೊಂಡು ಪಾಲಿಸುತ್ತೆ ಅಂತ ತೋರಿಸಿಕೊಟ್ಟ. ಪಿಎಚ್‌ಎಫ್‌ನ ತಮ್ಮನೇ ಇದು. ಇದನ್ನೇ ಈಗ ಎಸ್‌ಕ್ಯೂಎಲ್ ಇಂಜೆಕ್ಷನ್ ಅಂತೀವಿ.

1999ರ ಆಗಸ್ಟ್‌ನಲ್ಲಿ ಹಾಟ್‌ಮೇಲ್ ಸರದಿ. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರಲ್ಲಿ ಶುರುಮಾಡಿದ ಸೇವೆ ಅದು. ಅಷ್ಟು ಹೊತ್ತಿಗೆ ಮೈಕ್ರೋಸಾಫ್ಟ್ ಕೈ ಸೇರಿ ಕೋಟಿಗಟ್ಟಲೆ ಖಾತೆಗಳಿದ್ದವು. ಕೆಲವೇ ಸಾಲಿನ ಒಂದು ಫಾರ್ಮನ್ನು ನೀವೇ ಬರೆದು, ಅದರಲ್ಲಿ ಯಾರದಾದರೂ ಖಾತೆಯ ಹೆಸರು ಹಾಕಿ ಹಾಟ್‌ಮೇಲ್ ಸರ್ವರಿಗೆ ಕಳಿಸಿದ್ರೆ, ಅವರ ನಿಜವಾದ ಪಾಸ್‌ವರ್ಡ್ ಇಲ್ಲದೆ ಅಂಚೆಪೆಟ್ಟಿಗೆ ತೆರ್ಕೊಳ್ತಿತ್ತು. ಹಾಟ್‌ಮೇಲ್‌ನ ಸ್ವಂತ ಲಾಗಿನ್ ಪುಟ ಸರಿಯಾಗೇ ಇತ್ತು. ಆ ಪುಟದ ಮೂಲಕವೇ ಎಲ್ಲರೂ ಬರ್ತಾರೆ ಅನ್ನೋ ನಂಬಿಕೆ ತಪ್ಪಾಗಿತ್ತು.

ಆಮೇಲೆ 2000ದ ಫೆಬ್ರವರಿ. ನನಗೆ ಕಪಾಳಕ್ಕೆ ಹೊಡೆದ ಹಾಗಾಗಿದ್ದು ಇದನ್ನು ಓದಿದಾಗ. ಇಂಟರ್ನೆಟ್ ಸೆಕ್ಯುರಿಟಿ ಸಿಸ್ಟಮ್ಸ್ ಅನ್ನೋ ಕಂಪನಿ 11 ಶಾಪಿಂಗ್ ಕಾರ್ಟ್ ಸಾಫ್ಟ್‌ವೇರ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅವೆಲ್ಲ ವಸ್ತುವಿನ ಬೆಲೆಯನ್ನು ಪುಟದಲ್ಲಿ, ಕಣ್ಣಿಗೆ ಕಾಣದ ಹಿಡನ್ ಫೀಲ್ಡ್‌ನಲ್ಲಿ ಇಟ್ಟಿದ್ದವು. ಪುಟವನ್ನು ಸೇವ್ ಮಾಡಿ, ನೋಟ್‌ಪ್ಯಾಡ್‌ನಲ್ಲಿ ತೆರೆದು, ಬೆಲೆ ತಿದ್ದಿ, ಮತ್ತೆ ಬ್ರೌಸರ್‌ನಲ್ಲಿ ತೆರೆದು ಬಟನ್ ಒತ್ತಿದ್ರೆ ಆಯ್ತು, ನೀವು ಬರೆದದ್ದೇ ಬೆಲೆ. ಅಂದ್ರೆ ನನ್ನ ಒಂದು ರೂಪಾಯಿ ಟಿಕೆಟ್ಟು. ನಾನು ಅದನ್ನು 24 ವರ್ಷ ತಡವಾಗಿ, ಅತ್ಯಾಧುನಿಕ ತಂತ್ರಜ್ಞಾನ ಬಳಸಿ ಮತ್ತೆ ಕಂಡುಹಿಡಿದಿದ್ದೆ.

ಹಿಡನ್ ಅಂದ್ರೆ ಬಚ್ಚಿಟ್ಟಿದ್ದು ಅಂತಲ್ಲ, ಕಾಣಿಸದೆ ಇಟ್ಟಿದ್ದು ಅಂತ ಮಾತ್ರ. ಆ ಪದವೇ ಎಷ್ಟು ಜನರ ದಾರಿ ತಪ್ಪಿಸಿತೋ.

ಪಿಎಚ್‌ಪಿ ಕಥೆ ಬೇಗ ಹೇಳಿಬಿಡ್ತೀನಿ. ಫಾರ್ಮಿನಲ್ಲಿ ಏನೇ ಕಳಿಸಿದ್ರೂ ಅದೇ ಹೆಸರಿನ ವೇರಿಯಬಲ್ ಪ್ರೋಗ್ರಾಮಿನಲ್ಲಿ ತಾನಾಗೇ ಹುಟ್ಟಿಕೊಳ್ಳೋ ಸೌಕರ್ಯ ಅದರಲ್ಲಿತ್ತು. ಕಲಿಯೋಕೆ ಸುಲಭ. ಆದರೆ ಒಳಗೆ "ಅಡ್ಮಿನ್" ಅಂತ ಒಂದು ವೇರಿಯಬಲ್ ಇದ್ದು, ಅದಕ್ಕೆ ಮೊದಲೇ ಬೆಲೆ ಕೊಡೋದು ಮರೆತಿದ್ರೆ, ಹೊರಗಿನವನು ವಿಳಾಸದ ಸಾಲಿನಲ್ಲಿ "ಅಡ್ಮಿನ್ ಒಂದು" ಅಂತ ಬರೆದು ಯಜಮಾನನೇ ಆಗಬಹುದಿತ್ತು. 2002ರ ಏಪ್ರಿಲ್‌ನಲ್ಲಿ ಬಂದ 4.2 ಆವೃತ್ತಿಯಲ್ಲಿ ಇದನ್ನು ಮೊದಲಿನಿಂದಲೇ ಆಫ್ ಮಾಡಿಟ್ಟರು. ಪೂರ್ತಿ ಕಿತ್ತುಹಾಕೋಕೆ 2012ರ ತನಕ ಆಯ್ತು. ಸೌಕರ್ಯ ಕೊಡೋದು ಸುಲಭ, ವಾಪಸ್ ತಗೊಳ್ಳೋದು ಕಷ್ಟ, ಇದು ಸರ್ಕಾರಗಳಿಗೂ ಗೊತ್ತಿರೋ ವಿಷಯ.

2005ರ ಮೇ ತಿಂಗಳ ಒಂದು ಘಟನೆ ಮಾತ್ರ ಸ್ವಲ್ಪ ಬೇರೆ ಥರ. ಅದರಲ್ಲಿ ಕಳ್ಳನೇ ಇಲ್ಲ. ಗೂಗಲ್ ಕಂಪನಿ ವೆಬ್ ಆಕ್ಸಿಲರೇಟರ್ ಅನ್ನೋ ಸಾಧನ ಬಿಟ್ಟಿತು. ನೀವು ಒಂದು ಪುಟ ಓದ್ತಿರುವಾಗ, ಅದರಲ್ಲಿರೋ ಲಿಂಕ್‌ಗಳನ್ನೆಲ್ಲ ಹಿಂದಿನಿಂದ ತಾನೇ ತೆರೆದು ತಂದಿಟ್ಟುಕೊಳ್ಳುತ್ತೆ. ನೀವು ಕ್ಲಿಕ್ ಮಾಡಿದಾಗ ತಕ್ಷಣ ಕಾಣಲಿ ಅಂತ. ಆದರೆ ಬೇಸ್‌ಕ್ಯಾಂಪ್‌ನಂಥ ಆಗಿನ ಹೊಸ ವೆಬ್ ಅಪ್ಲಿಕೇಶನ್‌ಗಳಲ್ಲಿ "ಅಳಿಸು" ಅನ್ನೋದೂ ಒಂದು ಸಾಮಾನ್ಯ ಲಿಂಕೇ ಆಗಿತ್ತು. ಆಕ್ಸಿಲರೇಟರ್ ಬಡಪಾಯಿ ಅದನ್ನೂ ತೆರೀತು. ಜನ ಓದ್ತಾ ಕೂತಿದ್ದಾಗಲೇ ಅವರ ಮಾಹಿತಿ ಒಂದೊಂದಾಗಿ ಅಳಿಸಿಹೋಯ್ತು. "ನಿಜವಾಗಲೂ ಅಳಿಸಬೇಕಾ?" ಅಂತ ಕೇಳೋ ಜಾವಾಸ್ಕ್ರಿಪ್ಟ್ ಪೆಟ್ಟಿಗೆ ಇತ್ತು, ಆದರೆ ಆಕ್ಸಿಲರೇಟರ್ ಜಾವಾಸ್ಕ್ರಿಪ್ಟನ್ನು ನಡೆಸ್ತಿರಲಿಲ್ಲ.

ಸಿಟ್ಟು ಗೂಗಲ್ ಮೇಲೆ ಬಂತು. ನಿಯಮ ಮಾತ್ರ ಗೂಗಲ್ ಪರ ಇತ್ತು. ವೆಬ್‌ನ ಸಂದೇಶಗಳಲ್ಲಿ ಗೆಟ್ ಅನ್ನೋದು ನೋಡೋಕೆ, ಪೋಸ್ಟ್ ಅನ್ನೋದು ಏನಾದರೂ ಬದಲಾಯಿಸೋಕೆ. ಗೆಟ್‌ನಿಂದ ಯಾವ ಹಾನಿಯೂ ಆಗಬಾರದು ಅಂತ ಎಚ್‌ಟಿಟಿಪಿಯ 1999ರ ದಾಖಲೆಯಲ್ಲೇ ಬರೆದಿತ್ತು. ಅಂಗಡಿ ಮುಂದೆ ನಿಂತು ಸೀರೆ ನೋಡಿದ ಮಾತ್ರಕ್ಕೆ ಬಿಲ್ ಹಾಕಬಾರದು, ಅಷ್ಟೇ.

ನಂತರ 2012ರ ಮಾರ್ಚ್ 4. ಇದು ನನ್ನ ಅಚ್ಚುಮೆಚ್ಚಿನ ಪ್ರಸಂಗ. ರೂಬಿ ಆನ್ ರೈಲ್ಸ್ ಅನ್ನೋ ಜನಪ್ರಿಯ ಚೌಕಟ್ಟಿನಲ್ಲಿ ಒಂದು ಅನುಕೂಲ ಇತ್ತು. ಫಾರ್ಮಿನ ಎಲ್ಲ ಖಾನೆಗಳನ್ನೂ ಒಂದೇ ಸಾಲಿನ ಕೋಡಿನಲ್ಲಿ ಡೇಟಾಬೇಸಿನ ಕಾಲಂಗಳಿಗೆ ತುಂಬಿಸಬಹುದು. ಹೆಸರು ಹೆಸರಿಗೆ, ಊರು ಊರಿಗೆ. ಆದರೆ ಫಾರ್ಮಿನಲ್ಲಿ ಇಲ್ಲದ ಖಾನೆಯನ್ನು ಗಿರಾಕಿಯೇ ಸೇರಿಸಿ ಕಳಿಸಿದ್ರೆ? ಅದನ್ನೂ ತುಂಬಿಸುತ್ತೆ. ಪಿಎಚ್‌ಪಿಯ ಅದೇ ಹಳೇ ಭೂತ, ಹೊಸ ಮನೆ. ರಷ್ಯಾದ ಎಗೋರ್ ಹೊಮಾಕೊವ್ ಎಂಬ ಯುವಕ ಇದು ಅಪಾಯ ಅಂತ ರೈಲ್ಸ್ ತಂಡಕ್ಕೆ ಹೇಳಿದ. ಪ್ರೋಗ್ರಾಮರ್‌ಗಳೇ ಎಚ್ಚರಿಕೆಯಿಂದ ಇರಬೇಕು ಅನ್ನೋ ಅರ್ಥದ ಉತ್ತರ ಬಂತು. ಸರಿ ಅಂತ ಅವನು, ರೈಲ್ಸ್‌ನಲ್ಲೇ ಕಟ್ಟಿದ್ದ, ರೈಲ್ಸ್‌ನ ಕೋಡನ್ನೇ ಇಟ್ಟುಕೊಂಡಿದ್ದ ಗಿಟ್‌ಹಬ್‌ಗೆ ಹೋದ. ತನ್ನ ಕೀಲಿಯನ್ನು ಸೇರಿಸೋ ಫಾರ್ಮಿನಲ್ಲಿ ಬಳಕೆದಾರನ ಸಂಖ್ಯೆಯ ಖಾನೆಯನ್ನು ತಾನೇ ತುರುಕಿ, ಬೇರೆಯವರ ಸಂಖ್ಯೆ ಹಾಕಿದ. ಗಿಟ್‌ಹಬ್ ಅವನ ಕೀಲಿಯನ್ನು ಅವರ ಬಾಗಿಲಿಗೆ ಜೋಡಿಸಿತು. ಅವನು ರೈಲ್ಸ್‌ನ ಮೂಲ ಕೋಡಿಗೇ ಒಂದು ಫೈಲ್ ಸೇರಿಸಿ ಬಂದ. ಅದಕ್ಕೆ ಮುಂಚೆ, ಇದೇ ದಾರಿಯಲ್ಲಿ, ಸಾವಿರ ವರ್ಷ ಮುಂದಿನ ತಾರೀಖಿನ ಒಂದು ದೂರನ್ನೂ ದಾಖಲಿಸಿದ್ದ. 3012ನೇ ಇಸವಿಯಿಂದ ಬಂದ ದೂರು!

ಗಿಟ್‌ಹಬ್ ಆ ದಿನವೇ ಸರಿಪಡಿಸಿತು. 2013ರಲ್ಲಿ ಬಂದ ರೈಲ್ಸ್ 4ರಲ್ಲಿ ನಿಯಮ ತಿರುಗುಮುರುಗಾಯ್ತು: ಯಾವ ಖಾನೆ ಬೇಕು ಅಂತ ನೀವು ಹೆಸರಿಸಿದ್ದು ಮಾತ್ರ ಒಳಗೆ, ಉಳಿದದ್ದು ಹೊರಗೆ. ಪಿಎಚ್‌ಎಫ್ ಕಾಲದ ಪಟ್ಟಿಯ ಪಾಠ ನೆನಪಿದೆಯಲ್ಲ? ಅದೇ.

ಈಗ ನನ್ನ ಕಾಲಕ್ಕೆ ಬರೋಣ. 2012ರಲ್ಲೇ ಮೈಕ್ರೋಸಾಫ್ಟ್ ಟೈಪ್‌ಸ್ಕ್ರಿಪ್ಟ್ ಬಿಟ್ಟಿತ್ತು. ಇದು ಸಂಖ್ಯೆ, ಇದು ಪದ ಅಂತ ಮೊದಲೇ ಘೋಷಿಸಿ ಕೋಡ್ ಬರೆಯೋ ಪದ್ಧತಿ. 2023ರ ಅಕ್ಟೋಬರ್‌ನಲ್ಲಿ ನೆಕ್ಸ್ಟ್ ಜೆಎಸ್ 14ರ ಜೊತೆ ಸರ್ವರ್ ಆಕ್ಷನ್ಸ್ ಸ್ಥಿರ ರೂಪಕ್ಕೆ ಬಂದವು. ಫಂಕ್ಷನ್ ಮೇಲೆ "ಯೂಸ್ ಸರ್ವರ್" ಅಂತ ಒಂದು ಸಾಲು ಬರೆದರೆ ಸಾಕು. ಬ್ರೌಸರ್‌ನ ಬಟನ್‌ನಿಂದ ಅದನ್ನು ಪಕ್ಕದ ಮನೆ ಫಂಕ್ಷನ್ ಕರೆದ ಹಾಗೆ ಕರೀಬಹುದು. ನಡುವಿನ ಸಂದೇಶ, ವಿಳಾಸ, ಪೋಸ್ಟ್, ಎಲ್ಲ ತೆರೆಯ ಹಿಂದೆ ತಾನಾಗೇ ಆಗುತ್ತೆ.

ಆ ಸಮ್ಮೇಳನದಲ್ಲಿ ತೋರಿಸಿದ ಒಂದು ಸ್ಲೈಡ್ ಆಗ ಭಾರಿ ಟ್ರೋಲ್ ಆಯ್ತು. ಬಟನ್ನಿನ ಒಳಗೇ ಡೇಟಾಬೇಸಿಗೆ ಬರೆಯೋ ಎಸ್‌ಕ್ಯೂಎಲ್ ಸಾಲು ಇತ್ತು. "1999ಕ್ಕೆ ವಾಪಸ್ ಬಂದ್ವಿ" ಅಂತ ಜನ ನಕ್ಕರು, ಇಂಜೆಕ್ಷನ್ ಆಗುತ್ತೆ ಅಂದ್ರು. ನಿಜ ಹೇಳಬೇಕಂದ್ರೆ ಆ ಸಾಲು ಇಂಜೆಕ್ಷನ್‌ನಿಂದ ಸುರಕ್ಷಿತವಾಗೇ ಇತ್ತು. ಅದನ್ನು ಬರೆದ ರೀತಿಯಲ್ಲಿ ಬೆಲೆಗಳು ಆಜ್ಞೆಯಿಂದ ಬೇರೆಯಾಗಿಯೇ ಹೋಗ್ತವೆ. ನಕ್ಕವರು ತಪ್ಪು ಜಾಗದಲ್ಲಿ ನಕ್ಕರು. ಅಪಾಯ ಇದ್ದದ್ದು, ನೋಡೋಕೆ ಅದು ಮನೆಯೊಳಗಿನ ಫಂಕ್ಷನ್ ಥರ ಕಾಣ್ತಿತ್ತು ಅನ್ನೋದರಲ್ಲಿ. ಅದು ಮನೆಯೊಳಗಿಲ್ಲ. ಅದು ಬೀದಿಗೆ ತೆರೆದ ಬಾಗಿಲು, ಯಾರು ಬೇಕಾದರೂ ಬಂದು ತಟ್ಟಬಹುದು.

ನಾನು ಬಿದ್ದದ್ದು ಅಲ್ಲೇ. ಬೆಲೆ ಅಂದ್ರೆ ಸಂಖ್ಯೆ ಅಂತ ಟೈಪ್‌ಸ್ಕ್ರಿಪ್ಟಿನಲ್ಲಿ ಬರೆದಿದ್ದೆ, ಎಡಿಟರ್ ಹಸಿರು ತೋರಿಸ್ತಿತ್ತು. ಆದರೆ ಟೈಪ್‌ಸ್ಕ್ರಿಪ್ಟಿನ ಆ ಘೋಷಣೆಗಳೆಲ್ಲ ಕೋಡ್ ಓಡೋಕೆ ಮುಂಚೆಯೇ ಅಳಿಸಿಹೋಗ್ತವೆ. ಓಡುವಾಗ ಯಾರೂ ಕಾವಲಿರಲ್ಲ. ಇದ್ದಿದ್ರೂ ಏನು? ಒಂದು ರೂಪಾಯಿ ಕೂಡ ಸಂಖ್ಯೆಯೇ.

ನನ್ನದಾದರೂ ನಾನು ಬರೆದ ತಪ್ಪು. 2025ರ ಡಿಸೆಂಬರ್ 3ರಂದು ಹೊರಬಂದದ್ದು ಇನ್ನೂ ಒಂದು ಮೆಟ್ಟಿಲು ಕೆಳಗಿನದು. ಬ್ರೌಸರ್‌ನಿಂದ ಬಂದ ಸಂದೇಶವನ್ನು ಬಿಡಿಸಿ ಓದೋ ರಿಯಾಕ್ಟ್‌ನ ಸ್ವಂತ ಕೋಡಿನಲ್ಲೇ ತೂತು ಇತ್ತು. ನಿಮ್ಮ ಫಂಕ್ಷನ್ ಶುರುವಾಗೋ ಮುಂಚೆಯೇ, ಲಾಗಿನ್ ಕೂಡ ಇಲ್ಲದೆ, ಹೊರಗಿನವನು ಸರ್ವರ್‌ನಲ್ಲಿ ತನ್ನ ಕೋಡ್ ಓಡಿಸಬಹುದಿತ್ತು. ಅಪಾಯದ ಅಂಕ 10ಕ್ಕೆ 10. ಜಗತ್ತಿನ ಎಷ್ಟೋ ಪ್ರೋಗ್ರಾಮರ್‌ಗಳು ಆ ವಾರ ನಿದ್ದೆಗೆಟ್ಟು ಆವೃತ್ತಿ ಬದಲಾಯಿಸಿದ್ರು. ನಾನೂ ರಾತ್ರಿ ಕೂತು ಮೇಷ್ಟ್ರ ಸೈಟನ್ನು ಅಪ್‌ಡೇಟ್ ಮಾಡಿದೆ. ಅವರಿಗೆ ಹೇಳಲಿಲ್ಲ.

2024ಕ್ಕೆ ವಾಪಸ್ ಬರ್ತೀನಿ. ಆ ಲೆಕ್ಕದ ರಾತ್ರಿಯ ನಂತರ ಫಂಕ್ಷನ್ನನ್ನು ಪೂರ್ತಿ ಮತ್ತೆ ಬರೆದೆ. ಈಗ ಅದು ಬೆಲೆ ಕೇಳೋದೇ ಇಲ್ಲ. ಯಾವ ಪ್ರದರ್ಶನ, ಎಷ್ಟು ಟಿಕೆಟ್, ಯಾರ ಹೆಸರಿಗೆ, ಇಷ್ಟೇ. ಬಂದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಮುಂಚೆ, ಜೋಡ್ ಅನ್ನೋ ಲೈಬ್ರರಿಯಿಂದ ಎಲ್ಲವನ್ನೂ ಜರಡಿ ಹಿಡೀತೀನಿ: ಟಿಕೆಟ್ ಸಂಖ್ಯೆ ಪೂರ್ಣಾಂಕ ಆಗಿರಬೇಕು, 1ರಿಂದ 6ರ ಒಳಗೆ ಇರಬೇಕು. ಮೈನಸ್ ಮೂರು ಅಂದವರಿಗೆ ನಮಸ್ಕಾರ. ಜರಡಿಯಿಂದ ಕೆಳಗೆ ಬಿದ್ದದ್ದನ್ನು ಮಾತ್ರ ಮುಂದೆ ಬಳಸ್ತೀನಿ, ಮೂಲ ಸಂದೇಶವನ್ನು ಮತ್ತೆ ಮುಟ್ಟಲ್ಲ. ಬೆಲೆ ಡೇಟಾಬೇಸಿನಿಂದ ಬರುತ್ತೆ. ಸೀಟು ಉಳಿದಿದೆಯಾ ಅಂತ ನೋಡೋದು, ಕಾದಿರಿಸೋದು ಎರಡೂ ಒಂದೇ ಉಸಿರಿನಲ್ಲಿ ಆಗಬೇಕು, ಇಲ್ಲದಿದ್ರೆ ಕೊನೇ ಸೀಟು ಇಬ್ಬರಿಗೆ ಹೋಗುತ್ತೆ. ದುಡ್ಡು ಬಂತು ಅಂತ ಬ್ರೌಸರ್ ಹೇಳಿದ್ರೆ ನಂಬಲ್ಲ, ಗೇಟ್‌ವೇ ಸಹಿ ಮಾಡಿ ನೇರವಾಗಿ ನನ್ನ ಸರ್ವರಿಗೆ ಹೇಳಬೇಕು, ಮೊತ್ತವೂ ತಾಳೆಯಾಗಬೇಕು. ಟಿಕೆಟ್ ರದ್ದು ಮಾಡೋ ಫಂಕ್ಷನ್‌ನಲ್ಲಿ, ಕೇಳ್ತಿರೋರು ಆ ಟಿಕೆಟ್ ಕೊಂಡವರೇನಾ ಅಂತ ಅಲ್ಲೇ, ಫಂಕ್ಷನ್ ಒಳಗೇ ನೋಡ್ತೀನಿ. ಪುಟದಲ್ಲಿ ರದ್ದು ಬಟನ್ ಅಡಗಿಸಿಟ್ಟರೆ ಸಾಲದು ಅಂತ ಗಿಟ್‌ಹಬ್ ಕಥೆ ಓದಿದವನಿಗೆ ಹೇಳಬೇಕಾಗಿಲ್ಲ.

ತುಂಬಾ ಬಿಗಿಯಾಯ್ತು. ನನಗೆ ಸ್ವಲ್ಪ ಜಂಬವೂ ಬಂತು. ಜಂಬದಲ್ಲಿ ಹೆಸರಿನ ಖಾನೆಗೂ ಒಂದು ಜರಡಿ ಹಾಕಿದೆ: ಅಕ್ಷರಗಳು ಮಾತ್ರ. ಇಂಗ್ಲಿಷ್ ಅಕ್ಷರ ಅಂತ ಹಾಕುವಷ್ಟು ದಡ್ಡನಲ್ಲ, ಯುನಿಕೋಡಿನ ಎಲ್ಲ ಭಾಷೆಯ ಅಕ್ಷರಗಳೂ ಬರಲಿ ಅಂತ ಹಾಕಿದೆ. "ಕಮಲ" ಅಂತ ಟೈಪ್ ಮಾಡಿ ನೋಡಿದೆ, ತಗೊಂಡಿತು. "ಗಗನ", ತಗೊಂಡಿತು. ಸೈಟ್ ಬಿಟ್ಟೆ.

ಎರಡನೇ ಪ್ರದರ್ಶನದ ಟಿಕೆಟ್ ಶುರುವಾದ ಒಂದು ಗಂಟೆಗೆ ಮೇಷ್ಟ್ರ ಫೋನು. "ನಮ್ಮ ಮನೆಯವಳ ಹೆಸರೇ ತಗೊಳ್ತಿಲ್ಲವಲ್ಲೋ."

"ಅಮ್ಮನ ಹೆಸರು ಏನಂತ ಹಾಕಿದ್ರಿ ಮೇಷ್ಟ್ರೇ?"

"ಏನಂತ ಹಾಕ್ಲಿ? ಕಮಲಾಕ್ಷಿ."

ಯುನಿಕೋಡಿನ ಲೆಕ್ಕದಲ್ಲಿ ಕ, ಮ, ಲ ಅಕ್ಷರಗಳು. ಆದರೆ ದೀರ್ಘ, ಗುಡಿಸು, ಒತ್ತಕ್ಷರ ಕಟ್ಟೋಕೆ ಬಳಸೋ ಹಲಂತ, ಅನುಸ್ವಾರ, ಇವು ಅಕ್ಷರಗಳಲ್ಲ. ಗುರುತುಗಳು ಅನ್ನೋ ಬೇರೆ ಪಂಗಡಕ್ಕೆ ಸೇರಿವೆ. ನಾನು ಪರೀಕ್ಷೆಗೆ ಹಾಕಿದ ಎರಡು ಹೆಸರುಗಳಲ್ಲೂ ಕಾಗುಣಿತವೇ ಇರಲಿಲ್ಲ, ಅದಕ್ಕೇ ಪಾಸಾಗಿದ್ದು. ರಾಮ ಇಲ್ಲ, ರಮ್ಯ ಇಲ್ಲ, ಇಮಾಮ್ ಸಾಬ್ ಇಲ್ಲ, ಕೆ.ಎಸ್. ಅಂತ ಇನಿಷಿಯಲ್ ಇಟ್ಟುಕೊಂಡವರು ಚುಕ್ಕಿಯಿಂದಾಗಿ ಇಲ್ಲವೇ ಇಲ್ಲ. ಅಮೆರಿಕದ ಪ್ಯಾಟ್ರಿಕ್ ಮೆಕೆಂಜಿ ಎಂಬ ಪ್ರೋಗ್ರಾಮರ್, ಹೆಸರುಗಳ ಬಗ್ಗೆ ತನ್ನ ಜಾತಿಯವರು ನಂಬಿಕೊಂಡಿರೋ ಸುಳ್ಳುಗಳನ್ನು 2010ರಲ್ಲೇ ಪಟ್ಟಿ ಮಾಡಿದ್ದ. ಅದನ್ನು ಓದಿ ನಕ್ಕು, ಗೆಳೆಯರಿಗೆ ಕಳಿಸಿದವನು ನಾನೇ. ಸರ್‌ನೇಮ್ ಕಡ್ಡಾಯ ಅನ್ನೋ ಸರ್ಕಾರಿ ಫಾರ್ಮಿನ ಮುಂದೆ ನಮ್ಮಪ್ಪನ ಹೆಸರನ್ನು ಎರಡು ತುಂಡು ಮಾಡಿ ಬರೆದವನೂ ನಾನೇ.

ಮೊದಲ ಸಲ ಜರಡಿ ಇಲ್ಲದೆ ಕಳ್ಳ ಒಳಗೆ ಬಂದಿದ್ದ. ಈ ಸಲ ಜರಡಿ ಇಟ್ಟು, ಟ್ರಂಕು ಹೊತ್ತು ಈ ತಂಡ ಕಟ್ಟಿದ ಮೇಷ್ಟ್ರ ಹೆಂಡತಿಯನ್ನೇ ಹೊರಗೆ ನಿಲ್ಲಿಸಿದ್ದೆ. ನಿಜ ಹೇಳ್ತೀನಿ, ಎರಡನೆಯದೇ ಹೆಚ್ಚು ಚುಚ್ಚಿತು. ಕಳ್ಳತನ ಲೆಕ್ಕದ ಪುಸ್ತಕದಲ್ಲಾದರೂ ಕಾಣುತ್ತೆ. ಹೆಸರು ತಗೊಳ್ಳದೆ ವಾಪಸ್ ಹೋದವರು ಯಾವ ಲೆಕ್ಕದಲ್ಲೂ ಬರಲ್ಲ, ಫೋನ್ ಮಾಡುವಷ್ಟು ಸಲಿಗೆ ಇದ್ದವರೊಬ್ಬರನ್ನು ಬಿಟ್ಟು.

ಫೋನ್ ಇಡೋ ಮುಂಚೆ ಮೇಷ್ಟ್ರು ಅಂದ್ರು: "ನಾಟಕ ಕನ್ನಡದ್ದು, ಹೆಸರು ಕನ್ನಡದ್ದು. ಬಾಗಿಲಲ್ಲಿ ನೀನು ಕೂರಿಸಿದ್ದೀಯಲ್ಲ, ಅವನು ಯಾವೂರವನಪ್ಪಾ?"

ಹತ್ತು ನಿಮಿಷದಲ್ಲಿ ಆ ಸಾಲು ಕಿತ್ತುಹಾಕಿದೆ. ಹೆಸರಿನ ಖಾನೆಗೆ ಈಗ ಇರೋ ನಿಯಮ ಎರಡೇ: ಖಾಲಿ ಇರಬಾರದು, 100 ಚಿಹ್ನೆ ದಾಟಬಾರದು. ಅದರಲ್ಲಿ ಯಾರಾದರೂ ತುಂಟ ಕೋಡ್ ಬರೆದರೂ ಅದು ಡೇಟಾಬೇಸಿಗೆ ಬರೀ ಪದವಾಗಿ ಹೋಗುತ್ತೆ, ಪುಟದ ಮೇಲೆ ಬರೀ ಪದವಾಗಿ ಕಾಣುತ್ತೆ. ಹೆಸರಿನಿಂದ ನನಗೆ ಬೇಕಾಗಿದ್ದು ಅಷ್ಟೇ ಆಗಿತ್ತು. ಜರಡಿಗೆ ನೀಡದ ಹೆಸರು ಬಂದರೆ ಮುಂಚೆ "ಇನ್‌ವ್ಯಾಲಿಡ್" ಅಂತ ಕೆಂಪಗೆ ಕಾಣ್ತಿತ್ತು. ಈಗ ಯಾವ ತಪ್ಪಾದರೂ ಏನು ತಪ್ಪು, ಏನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಸಾಲು, ಕೆಳಗೆ ತಂಡದ ಫೋನ್ ನಂಬರು.

ಆ ಭಾನುವಾರ ರಾತ್ರಿ ಮೇಷ್ಟ್ರು ಲೆಕ್ಕದ ಪುಟದ ಫೋಟೋ ವಾಟ್ಸಾಪ್ ಮಾಡಿದ್ರು. 118 ಟಿಕೆಟ್, 23,600 ರೂಪಾಯಿ. ಮೊದಲನೇ ಸಾಲಿನಲ್ಲಿ ಕಮಲಾಕ್ಷಿ, ಒಂದು ಟಿಕೆಟ್, 200. ಮನೆಯವರಿಗೂ ಪಾಸ್ ಕೊಡಲಿಲ್ಲ, ನೋಡಿ.